ಕಾಲೇಜು ಪ್ರವೇಶವೂ ತಡವಾಗಿ ಮೂಡುವ ಆಸಕ್ತಿಯೂ

ಪ್ರತಿ ವರ್ಷವೂ ಹತ್ತನೆಯ ತರಗತಿಯ ಪರೀಕ್ಷಾ ಫಲಿತಾಂಶವು ಪ್ರಕಟವಾದ ಬಳಿಕ ನಮ್ಮ ಶಾಲೆಯ ಕಾರ್ಯಾಲಯಕ್ಕೆ ಎರಡು ಬಗೆಯ ಪಾಲಕರು ಬರುತ್ತಾರೆ. ಮೊದಲನೆಯವರು ಫಲಿತಾಂಶ ಬಂದ ವಾರದೊಳಗೇ ಬಂದು, ವರ್ಗಾವಣೆ ಪತ್ರವನ್ನೂ ಅಂಕಪಟ್ಟಿಯನ್ನೂ ಪಡೆದು, ಮಗುವನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬುದನ್ನು ಚರ್ಚಿಸಿ ಹೋಗುವರು. ಇವರು ಕೆಲವರೇ. ಎರಡನೆಯವರು ಬರುವುದು ಆಷಾಢದಲ್ಲಿ; ಬಿತ್ತನೆ ಮುಗಿದು ಕೈ ಕೊಂಚ ಬಿಡುವಾದ ಮೇಲೆ. ಇವರೇ ಹೆಚ್ಚು ಮಂದಿ.

ಕೆಲವು ವರ್ಷಗಳ ಹಿಂದೆ ಹೀಗೆ ಬಂದ ತಂದೆಯೊಬ್ಬರು ಬಾಗಿಲಲ್ಲೇ ನಿಂತು ಕೇಳಿದ ಮಾತು ನಮಗೆ ಇಂದಿಗೂ ನೆನಪಿದೆ.

"ಸರ್, ಹುಡುಗಿ ಮುಂದ ಕಲೀತೀನಿ ಅಂತ ಹಟ ಹಿಡದಾಳ್ರಿ. ಈಗ ಹೋದ್ರ ಎಲ್ಲ್ಯಾರ ಸೀಟು ಸಿಗ್ತದೇನ್ರಿ?"

"ಒಳಗ ಬರ್ರಿ ಯಜಮಾನ್ರ, ಕೂಡ್ರಿ. ಆಕಿಗಿ ಏನು ಕಲೀಬೇಕಾಗ್ಯದ, ಕೇಳೀರೇನು?" ಎಂದೆವು.

"ಅದು ಕೇಳಿಲ್ರಿ," ಎಂದು ಅವರು ತಲೆ ತಗ್ಗಿಸಿದರು.

ಹುಡುಗಿ ಹಿಂದೆ ನಿಂತಿದ್ದಳು. ವಿಜ್ಞಾನ ಓದಬೇಕೆಂಬುದು ಆಕೆಯ ಬಯಕೆ. ಎರಡು ತಿಂಗಳ ಕಾಲ ಆಕೆ ಅದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಿರಲಿಲ್ಲ; ನಾವೂ ಶಾಲೆಯಲ್ಲಿ ಕೇಳಿರಲಿಲ್ಲ. ಆ ಹೊತ್ತಿಗೆ ಹತ್ತಿರದ ಕಾಲೇಜಿನಲ್ಲಿ ವಿಜ್ಞಾನದ ಸ್ಥಾನಗಳು ತುಂಬಿಹೋಗಿದ್ದವು. ಕಲಾ ವಿಭಾಗದಲ್ಲಿ ಮಾತ್ರ ಎಡೆಯಿತ್ತು.

ಇಂತಹ ಪ್ರಸಂಗಗಳು ಮೇಲಿಂದ ಮೇಲೆ ನಡೆಯುತ್ತಿರುವುದರಿಂದ, ತಡವಾಗಿ ಮೂಡುವ ಆಸಕ್ತಿಯ ಕಾರಣಗಳೇನು, ಅದರಿಂದ ಆಗುವ ನಷ್ಟವೇನು, ತಡವಾದ ಮೇಲೂ ಉಳಿದಿರುವ ದಾರಿಗಳಾವುವು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಒಂದು ಪಾಠದಂತೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

೧. ಆಸಕ್ತಿಯು ತಡವಾಗುವುದೇಕೆ?

ನಮ್ಮ ಮಕ್ಕಳು ಸೋಮಾರಿಗಳೆಂದಾಗಲಿ ಪಾಲಕರು ಅಲಕ್ಷ್ಯ ಮಾಡುವರೆಂದಾಗಲಿ ಹೇಳುವುದು ಸುಲಭ. ಆದರೆ ಅದು ನಿಜವಲ್ಲ.

ಮೊದಲನೆಯ ಕಾರಣ ಹೊಲ. ರೋಹಿಣಿ ಮತ್ತು ಮೃಗಶಿರ ಮಳೆಗಳು ಬೀಳುವ ಕಾಲವೂ ಕಾಲೇಜುಗಳ ಪ್ರವೇಶದ ಕಾಲವೂ ಒಂದೇ. ತಾಂಡೂರಿನ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ತೊಗರಿಯನ್ನು ಬಿತ್ತುವ ಮನೆಯಲ್ಲಿ ಜೂನ್ ತಿಂಗಳಿನಲ್ಲಿ ಅರ್ಜಿಯ ಮಾತೆತ್ತಲು ಯಾರಿಗೂ ಪುರಸೊತ್ತಿಲ್ಲ. ಎರಡನೆಯದು ಫರಸಿ ಕಲ್ಲಿನ ಗಣಿ. ರಜೆಯಲ್ಲಿ ಕೂಲಿಗೆಂದು ಹೋದ ಹುಡುಗನು ವಾರದ ಪಗಾರ ಕೈಗೆ ಬಂದ ಮೇಲೆ ಪುಸ್ತಕದ ಕಡೆಗೆ ಮರಳುವುದು ಕಷ್ಟ. ಮೂರನೆಯದು ಹೆಣ್ಣುಮಕ್ಕಳ ಪಾಲಿನದು. ಸಂಬಂಧದ ಮಾತು ಕುದುರುವುದೋ ಇಲ್ಲವೋ ಎಂದು ಕಾಯುತ್ತ ಕಾಲೇಜಿನ ಮಾತನ್ನು ಮುಂದೂಡುವರು. ಹದಿನಾರು ವರ್ಷದ ಮಗುವಿನ ಮದುವೆಯ ಮಾತನ್ನಾಡುವುದಕ್ಕೆ ಕಾನೂನೂ ಒಪ್ಪದು, ಆರೋಗ್ಯವೂ ಒಪ್ಪದು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇವೆ.

ನಾಲ್ಕನೆಯ ಕಾರಣವು ಹೊರಗೆ ಕಾಣದು. ಆದರೆ ಎಲ್ಲಕ್ಕಿಂತ ಬಲವಾದುದು. ಅದು ಭಾಷೆಯ ಅಳುಕು. "ಹತ್ತು ವರ್ಷ ಕನ್ನಡದಲ್ಲಿ ಓದಿದ ನನಗೆ ಆ ಕಾಲೇಜಿನಲ್ಲಿ ಏನು ತಿಳಿದೀತು?" ಎಂಬ ಪ್ರಶ್ನೆ ಪ್ರತಿಯೊಂದು ಮಗುವಿನ ಮನಸ್ಸಿನಲ್ಲಿಯೂ ಇರುತ್ತದೆ. ಅಳುಕಿದವನು ಬೇಡವೆನ್ನುವುದಿಲ್ಲ, ಆಮೇಲೆ ನೋಡೋಣ ಎನ್ನುತ್ತಾನೆ. ಆ 'ಆಮೇಲೆ' ಎಂಬುದೇ ಎರಡು ತಿಂಗಳಾಗುತ್ತದೆ. ಆದಕಾರಣ ಮಗು ಸುಮ್ಮನಿದೆಯೆಂದರೆ ಅದಕ್ಕೆ ಆಸಕ್ತಿಯಿಲ್ಲವೆಂದು ತಿಳಿಯಬಾರದು.

೨. ಕಾಲೇಜುಗಳ ಕಾಲಗಣನೆ

"ಮೊದಲು ಫಲಿತಾಂಶ ಬರಲಿ, ಬಳಿಕ ನೋಡೋಣ" ಎಂಬ ಮಾತು ನಮ್ಮ ಕಾಲದಲ್ಲಿ ಜಾಣತನದ ಮಾತಾಗಿತ್ತು. ಇಂದು ಅದು ಹಾನಿಯ ಮಾತು. ಏಕೆಂದರೆ ಅನೇಕ ಪ್ರವೇಶ ಪರೀಕ್ಷೆಗಳ ಅರ್ಜಿಯ ಗಡುವು ಫಲಿತಾಂಶಕ್ಕಿಂತ ಮೊದಲೇ ಮುಗಿದುಹೋಗುತ್ತದೆ.

ಹತ್ತನೆಯ ತರಗತಿಯವರು ಪಾಲಿಟೆಕ್ನಿಕ್ ಸೇರಬೇಕಾದರೆ ಪಾಲಿಸೆಟ್ ಪರೀಕ್ಷೆಯನ್ನು ಬರೆಯಬೇಕು. ಅದರ ಅರ್ಜಿಗಳು ಸಾಮಾನ್ಯವಾಗಿ ಹತ್ತನೆಯ ಪರೀಕ್ಷೆಯ ಆಸುಪಾಸಿನಲ್ಲಿಯೇ ಹೊರಡುತ್ತವೆ. ಇಂಟರ್‌ಮೀಡಿಯೆಟ್ ಓದುವವರಿಗೆ ಎಂಜಿನಿಯರಿಂಗ್ ಮತ್ತು ಕೃಷಿ ಶಿಕ್ಷಣಕ್ಕಾಗಿ ಇರುವ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ವೈದ್ಯಕೀಯಕ್ಕಾಗಿ ಇರುವ ನೀಟ್, ಕೇಂದ್ರೀಯ ವಿಶ್ವವಿದ್ಯಾಲಯಗಳಿಗಾಗಿ ೨೦೨೨ರಿಂದ ನಡೆಯುತ್ತಿರುವ ಸಿಯುಇಟಿ, ಇವೆಲ್ಲವುಗಳ ಅರ್ಜಿಗಳೂ ಅಂತಿಮ ಫಲಿತಾಂಶಕ್ಕೆ ಮೊದಲೇ ಮುಗಿಯುತ್ತವೆ. ನೀಟ್ ಮತ್ತು ಸಿಯುಇಟಿ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ಆಳಂದ ರಸ್ತೆಯ ಕಡಗಂಚಿಯಲ್ಲಿ ೨೦೦೯ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ನಮಗೆ ದೂರದ್ದಲ್ಲ. ಆದರೆ ಅದರ ಪದವಿ ತರಗತಿಗಳ ದಾರಿ ಸಿಯುಇಟಿಯ ಮೂಲಕವೇ ಹಾದುಹೋಗುತ್ತದೆ. ಅಧ್ಯಾಪಕರಾಗಬಯಸುವವರಿಗೆ ೧೯೬೩ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ. ಅದು ತೆಲಂಗಾಣವೂ ಸೇರಿದಂತೆ ದಕ್ಷಿಣದ ರಾಜ್ಯಗಳೆಲ್ಲಕ್ಕೂ ಸೇರಿದ ಸಂಸ್ಥೆ. ಅಲ್ಲಿಯೂ ಪ್ರವೇಶ ಪರೀಕ್ಷೆಯುಂಟು.

ಇದಕ್ಕೆ ಬೇರೆಯಾಗಿ, ಫಲಿತಾಂಶದ ಬಳಿಕವೇ ಆರಂಭವಾಗುವ ಪ್ರವೇಶಗಳೂ ಇವೆ. ಸರಕಾರಿ ಜೂನಿಯರ್ ಕಾಲೇಜುಗಳಿಗೆ ಪ್ರವೇಶ ಪರೀಕ್ಷೆಯಿಲ್ಲ. ೨೦೦೮ರಲ್ಲಿ ಸ್ಥಾಪನೆಯಾದ ಬಾಸರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯವು ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಆರು ವರ್ಷಗಳ ಶಿಕ್ಷಣಕ್ಕೆ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಆದರೆ ಅದರ ಅರ್ಜಿಗೆ ಸಿಗುವ ಕಾಲಾವಕಾಶ ಕೆಲವೇ ವಾರಗಳು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ತರಗತಿಗಳಿಗೆ ೨೦೧೬ರಿಂದ ತೆಲಂಗಾಣದಲ್ಲಿ 'ದೋಸ್ತ್' ಎಂಬ ಏಕರೂಪದ ವ್ಯವಸ್ಥೆ ನಡೆದುಬಂದಿದೆ. ಇದರಲ್ಲಿ ಹಲವು ಸುತ್ತುಗಳುಂಟು. ಆದಕಾರಣ ಮೊದಲ ಸುತ್ತು ತಪ್ಪಿದವನಿಗೆ ಎರಡನೆಯದು, ಅದೂ ತಪ್ಪಿದರೆ ಮೂರನೆಯದು ಇರುತ್ತದೆ. ಆದರೆ ಸುತ್ತು ಮುಂದೆ ಹೋದಂತೆಲ್ಲ ಹತ್ತಿರದ ಒಳ್ಳೆಯ ಕಾಲೇಜುಗಳ ಸ್ಥಾನಗಳು ಕರಗುತ್ತ ಹೋಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಮೊದಲ ಸುತ್ತಿನಲ್ಲಿ ೨೦೦ ರೂಪಾಯಿ ಇದ್ದ ನೋಂದಣಿ ಶುಲ್ಕವು ನಂತರದ ಸುತ್ತುಗಳಲ್ಲಿ ೪೦೦ ರೂಪಾಯಿ ಆಗಿದೆ.

ತಡವಾದುದಕ್ಕೆ ತೆರಬೇಕಾದ ದೊಡ್ಡ ದಂಡ ಇದಲ್ಲ. ಎಲ್ಲ ಸುತ್ತುಗಳೂ ಮುಗಿದ ಮೇಲೆ ಕಾಲೇಜಿನವರೇ ತಮ್ಮಲ್ಲಿ ಉಳಿದ ಸ್ಥಾನಗಳನ್ನು ತುಂಬಿಕೊಳ್ಳುವ 'ಸ್ಪಾಟ್' ಪ್ರವೇಶದಲ್ಲಿ ಖಾಸಗಿ ಕಾಲೇಜು ಸೇರಿದವರಿಗೆ ಸರಕಾರದಿಂದ ಶುಲ್ಕ ಮರುಪಾವತಿ ಸಾಮಾನ್ಯವಾಗಿ ದೊರೆಯದು. ಒಂದೇ ಕಾಲೇಜು, ಒಂದೇ ಬೆಂಚು; ಮೊದಲ ಸುತ್ತಿನಲ್ಲಿ ಬಂದವನ ಶುಲ್ಕವನ್ನು ಸರಕಾರ ಭರಿಸುತ್ತದೆ, ಕೊನೆಗೆ ಬಂದವನ ಶುಲ್ಕವನ್ನು ತಂದೆ ಭರಿಸಬೇಕಾಗುತ್ತದೆ. ಬಡವನ ಮನೆಗೆ ಈ ಭೇದ ಎಷ್ಟು ದೊಡ್ಡದೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

೩. ಗಡಿಯ ಎರಡು ದಂಡೆ

ಇನ್ನು ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕನ್ನು ವಿವರಿಸಬೇಕು. ಇದನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ಓದಬೇಕು.

೧೯೫೬ರ ನವೆಂಬರ್ ೧ರವರೆಗೆ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ನಿರ್ಣಾ ಸರ್ಕಲ್ಲನ್ನು ಬಿಟ್ಟು ಜಹೀರಾಬಾದ್ ತಾಲೂಕನ್ನೂ, ಉಳಿದವುಗಳನ್ನೂ ಅಂದಿನ ಆಂಧ್ರ ಪ್ರದೇಶಕ್ಕೆ ಸೇರಿಸಿತು. ೨೦೧೪ರಲ್ಲಿ ತೆಲಂಗಾಣ ರಾಜ್ಯವಾಯಿತು. ೨೦೧೬ರಲ್ಲಿ ನಮ್ಮ ಬಶೀರಾಬಾದ್ ಹೊಸ ವಿಕಾರಾಬಾದ್ ಜಿಲ್ಲೆಗೂ, ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ ಸೇರಿದವು. ಮನೆಯ ಮಾತು, ಬೀಗತನ, ಜಾತ್ರೆ, ಸಂತೆ, ಎಲ್ಲವೂ ಗಡಿಯ ಆಚೆಗೂ ಹರಡಿವೆ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲು ನಮ್ಮ ನವಾಂದಗಿಯನ್ನು ದಾಟಿ ಸೇಡಂ, ಮಳಖೇಡ, ಚಿತ್ತಾಪುರಗಳ ಮೇಲೆ ಹೋಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಆ ಮಳಖೇಡ. ಆದಕಾರಣ ಕನ್ನಡ ಮಾಧ್ಯಮದ ನಮ್ಮ ಹುಡುಗನು ಕಾಲೇಜನ್ನು ನೆನೆದೊಡನೆ ಆತನ ಕಣ್ಣು ಸಹಜವಾಗಿಯೇ ಸೇಡಂ ಮತ್ತು ಕಲಬುರಗಿಯ ಕಡೆಗೆ ಹೊರಳುತ್ತದೆ.

ಹಾಗೆ ಹೊರಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ರೈಲಿಗೆ ಗಡಿಯಿಲ್ಲದಿದ್ದರೂ ಪ್ರವೇಶದ ನಿಯಮಗಳಿಗೆ ಗಡಿಯಿದೆ. ಎರಡೂ ಕಡೆಯ ನಿಯಮಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡೋಣ.

ತೆಲಂಗಾಣದಲ್ಲಿ: ೧೯೭೪ರ ರಾಷ್ಟ್ರಪತಿ ಆದೇಶದಿಂದ ಬಂದ ಪದ್ಧತಿಯಂತೆ ವೃತ್ತಿಶಿಕ್ಷಣದ ನೂರಕ್ಕೆ ೮೫ ಸ್ಥಾನಗಳು ಸ್ಥಳೀಯರಿಗೆ ಮೀಸಲು. ಸ್ಥಳೀಯನೆನಿಸಿಕೊಳ್ಳಲು ಅರ್ಹತಾ ಪರೀಕ್ಷೆಯೊಂದಿಗೆ ಮುಗಿಯುವ ೪ ವರ್ಷಗಳ ಕಾಲ ಎಡೆಬಿಡದೆ ಇಲ್ಲಿಯೇ ಓದಿರಬೇಕೆಂಬುದು ಮುಖ್ಯ ನಿಯಮ. ಅಂದರೆ ಎಂಜಿನಿಯರಿಂಗ್ ಸೇರುವವನು ಒಂಬತ್ತು, ಹತ್ತು ಮತ್ತು ಇಂಟರ್‌ಮೀಡಿಯೆಟ್ಟಿನ ಎರಡು ವರ್ಷಗಳನ್ನು ಇಲ್ಲಿಯೇ ಓದಿರಬೇಕು. ವೈದ್ಯಕೀಯ ಪ್ರವೇಶದಲ್ಲಿ ಈ ನಾಲ್ಕು ವರ್ಷಗಳ ನಿಯಮವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ೨೦೨೫ರಲ್ಲಿ ಆ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ: ಸರಕಾರಿ ಕೋಟಾದ ವೃತ್ತಿಶಿಕ್ಷಣದ ಸ್ಥಾನಕ್ಕೆ ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಅವಧಿಯಲ್ಲಿ ಕನಿಷ್ಠ ೭ ವರ್ಷಗಳನ್ನು ಕರ್ನಾಟಕದಲ್ಲಿ ಓದಿರಬೇಕೆಂಬುದು ಸಾಮಾನ್ಯ ನಿಯಮ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ನಿಯಮಗಳುಂಟು. ಆದರೆ 'ಗಡಿನಾಡು' ಎಂಬ ಶಬ್ದವನ್ನು ಕೇಳಿದೊಡನೆ ಅದು ನಮಗೂ ಅನ್ವಯಿಸುತ್ತದೆಂದು ನಂಬಬಾರದು. ಆ ನಿಯಮವು ತಾಲೂಕುಗಳನ್ನು ಹೆಸರು ಹಿಡಿದು ಹೇಳುತ್ತದೆ: ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ತಮ್ಮ ತಾಲೂಕಿನ ಹೆಸರನ್ನು ಕಣ್ಣಾರೆ ಕಾಣುವವರೆಗೆ ಯಾರೂ ಅದರ ಮೇಲೆ ಭರವಸೆಯಿಡಬಾರದು. ಹಾಗೆಯೇ, ೨೦೧೩ರಿಂದ ಜಾರಿಗೆ ಬಂದ ಸಂವಿಧಾನದ ೩೭೧ಜೆ ವಿಧಿಯ ಸೌಲಭ್ಯವು ಕರ್ನಾಟಕದೊಳಗಿನ ಆ ಭಾಗದ ಜಿಲ್ಲೆಗಳಿಗೆ ಮಾತ್ರ. ೧೯೫೬ರಲ್ಲಿ ಗುಲ್ಬರ್ಗಾ ಜಿಲ್ಲೆಯನ್ನು ಬಿಟ್ಟುಬಂದ ನಮ್ಮ ಊರುಗಳು ಅದರಲ್ಲಿ ಸೇರುವುದಿಲ್ಲ.

ಇವೆರಡನ್ನೂ ಕೂಡಿಸಿ ನೋಡಿದರೆ ಏನಾಗುತ್ತದೆ? ಹತ್ತನೆಯ ತರಗತಿಯವರೆಗೆ ಇಲ್ಲಿ ಓದಿ, ಪಿ.ಯು.ಸಿ.ಗಾಗಿ ಆಚೆಗೆ ಹೋದ ಹುಡುಗನು ಕರ್ನಾಟಕದ ಏಳು ವರ್ಷಗಳ ಪೈಕಿ ಎರಡನ್ನೇ ಪೂರೈಸಿರುತ್ತಾನೆ. ತೆಲಂಗಾಣದ ನಾಲ್ಕು ವರ್ಷಗಳ ಸರಪಳಿಯನ್ನೂ ಕಡಿದುಕೊಂಡಿರುತ್ತಾನೆ. ಆತನು ಎರಡೂ ದಂಡೆಗೆ ಸೇರದವನಾಗುತ್ತಾನೆ.

ಇದನ್ನು ನಾವು ಪುಸ್ತಕದಿಂದ ಕಲಿತುದಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು. ಒಂದು ವರ್ಷ ಜೂನ್ ತಿಂಗಳ ಕೊನೆಯಲ್ಲಿ ಬುದ್ಧಿವಂತನಾದ ಹುಡುಗನೊಬ್ಬನು ಬಂದನು. ಇಲ್ಲಿಯ ಕಾಲೇಜುಗಳಲ್ಲಿ ಆತನು ಬಯಸಿದ ವಿಭಾಗ ತುಂಬಿತ್ತು. ಗಡಿಯಾಚೆಯ ಕಾಲೇಜೊಂದರಲ್ಲಿ ಸ್ಥಾನವಿದೆಯೆಂದು ತಿಳಿದು ಆತನು ಸಂತೋಷಪಟ್ಟನು. ಕನ್ನಡದ ನಾಡಿಗೇ ಹೋಗುತ್ತಾನಲ್ಲ ಎಂದು ನಾವೂ ಸಂತೋಷಪಟ್ಟು ಅಂದೇ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದೆವು. ನಾಲ್ಕು ವರ್ಷಗಳ ನಿಯಮದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಿಜವಾಗಿ ಹೇಳುವುದಾದರೆ ನಮಗೇ ಅದು ಸರಿಯಾಗಿ ತಿಳಿದಿರಲಿಲ್ಲ. ಎರಡು ವರ್ಷಗಳ ಬಳಿಕ ಕೃಷಿ ಪದವಿಗೆ ಸೇರಬೇಕೆಂದು ಆತನು ಒಳ್ಳೆಯ ಅಂಕಗಳೊಂದಿಗೆ ಮರಳಿ ಬಂದಾಗ, ಸ್ಥಳೀಯರ ೮೫ರ ಪಾಲಿನಲ್ಲಿ ಆತನ ಹೆಸರಿಗೆ ಎಡೆಯಿರಲಿಲ್ಲ. ಆತನಿಗಿಂತ ಕಡಿಮೆ ಅಂಕ ಪಡೆದ ಸಹಪಾಠಿಗಳಿಗೆ ಸ್ಥಾನ ದೊರೆಯಿತು. ಆತನು ಬೇರೆ ಪದವಿ ಓದಿ ಜೀವನ ಕಟ್ಟಿಕೊಂಡಿದ್ದಾನೆ; ನಮ್ಮನ್ನು ಎಂದೂ ದೂರಲಿಲ್ಲ. ಆತನ ತಂದೆಯವರು ಮಾತ್ರ ಒಮ್ಮೆ, "ನೀವು ಒಂದು ಮಾತು ಹೇಳಿದ್ದರ ಛಲೋ ಇತ್ತು ಸರ್" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತೆ ಈಗ ನಾವು ಈ ಪಾಠವನ್ನು ಬರೆಯುತ್ತಿದ್ದೇವೆ. ಮುಂದಿನವರಿಗಾದರೂ ಇದು ಉಪಯೋಗಕ್ಕೆ ಬರಲಿ.

ಇಷ್ಟರಿಂದ ಯಾರೂ ಆಚೆಗೆ ಹೋಗಲೇಬಾರದೆಂದು ತಿಳಿಯಬೇಡಿರಿ. ವೃತ್ತಿಶಿಕ್ಷಣದ ಆಸೆಯಿಲ್ಲದೆ, ಕನ್ನಡ ಸಾಹಿತ್ಯವನ್ನೋ ಇತಿಹಾಸವನ್ನೋ ಓದಬಯಸುವವನಿಗೆ ಕಲಬುರಗಿ ಬಹಳ ಒಳ್ಳೆಯ ಸ್ಥಳ. ೧೯೮೦ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಂತಹವನು ಇಂಟರ್‌ಮೀಡಿಯೆಟ್ಟನ್ನು ಇಲ್ಲಿಯೇ ಮುಗಿಸಿ ಪದವಿಗಾಗಿ ಆಚೆಗೆ ಹೋದರೆ, ವೃತ್ತಿಶಿಕ್ಷಣದ ದಾರಿಯನ್ನು ಎರಡು ವರ್ಷ ತೆರೆದಿಟ್ಟುಕೊಂಡು ಯೋಚಿಸಿದಂತಾಗುತ್ತದೆ. ಇನ್ನೊಂದು ಸಮಾಧಾನವೂ ಉಂಟು: ತೆಲಂಗಾಣದಲ್ಲಿ ಸರಕಾರಿ ಉದ್ಯೋಗಕ್ಕಾಗಿ ಸ್ಥಳೀಯತೆಯನ್ನು ನಿರ್ಣಯಿಸುವಾಗ ೨೦೧೮ರ ರಾಷ್ಟ್ರಪತಿ ಆದೇಶದಂತೆ ೧ರಿಂದ ೭ನೆಯ ತರಗತಿಯವರೆಗಿನ ವ್ಯಾಸಂಗವನ್ನು ನೋಡುತ್ತಾರೆ. ಪ್ರವೇಶಕ್ಕೆ ಒಂದು ಅಳತೆ, ಉದ್ಯೋಗಕ್ಕೆ ಇನ್ನೊಂದು ಅಳತೆ, ಇವೆರಡನ್ನೂ ಬೆರೆಸಬಾರದು. ತಿಳಿದು ದಾಟಿದವನಿಗೆ ಗಡಿಯು ದಾರಿ; ತಿಳಿಯದೆ, ಅವಸರದಲ್ಲಿ ದಾಟಿದವನಿಗೆ ಅದು ಗೋಡೆ.

೪. ತಡವಾದವರಿಗೆ ತೆರೆದಿರುವ ಬಾಗಿಲುಗಳು

ತಡವಾಗಿ ಬಿತ್ತುವ ರೈತನು ಹೊಲವನ್ನು ಬೀಳುಬಿಡುವುದಿಲ್ಲ. ಬೇಗ ಬರುವ ತಳಿಯನ್ನು ಹುಡುಕುತ್ತಾನೆ. ವಿದ್ಯಾರ್ಥಿಯೂ ಹಾಗೆಯೇ ಮಾಡಬೇಕು.

ಮೊದಲನೆಯದಾಗಿ, ಸರಕಾರಿ ಜೂನಿಯರ್ ಕಾಲೇಜು. ಅಲ್ಲಿಯ ಪ್ರವೇಶದ ಗಡುವನ್ನು ಮುಂದೂಡುವುದುಂಟು. ಮುಂದೂಡುವರೆಂದು ನಂಬಿ ಕೂಡಬಾರದು. ಆದರೆ ತಡವಾಯಿತೆಂದು ಹೋಗದೆಯೂ ಇರಬಾರದು. ಎರಡನೆಯದಾಗಿ, ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣರಾಗಿ ಪೂರಕ ಪರೀಕ್ಷೆಯಲ್ಲಿ ತೇರ್ಗಡೆಯಾದವರು ತಾವು ತಪ್ಪಿತಸ್ಥರೆಂಬಂತೆ ಮನೆಯಲ್ಲಿ ಅಡಗಬೇಕಾಗಿಲ್ಲ. ಪೂರಕ ಪರೀಕ್ಷೆಯನ್ನು ಬೇಗ ನಡೆಸುವ ಉದ್ದೇಶವೇ ಅವರ ಒಂದು ವರ್ಷ ಉಳಿಯಲಿ ಎಂಬುದು. ಮೂರನೆಯದಾಗಿ, ಪದವಿಯವರಿಗೆ ದೋಸ್ತ್ ವ್ಯವಸ್ಥೆಯ ನಂತರದ ಸುತ್ತುಗಳಿವೆ. ನಾಲ್ಕನೆಯದಾಗಿ, ದುಡಿಯುತ್ತ ಓದಬೇಕಾದವರಿಗೆ ತೆಲಂಗಾಣ ಓಪನ್ ಸ್ಕೂಲ್ ಇಂಟರ್‌ಮೀಡಿಯೆಟ್ ಶಿಕ್ಷಣವನ್ನು ಒದಗಿಸುತ್ತದೆ. ೧೯೮೨ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ, ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯವು ಇಂದು ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರಿನಲ್ಲಿ ಪದವಿಗಳನ್ನು ಕೊಡುತ್ತಿದೆ.

ತಡವಾದವರ ಚಿಂತೆ ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬೇಡಿರಿ. ಬ್ರಿಟನ್ನಿನಲ್ಲಿ ಜೂನ್ ೩೦ರ ಬಳಿಕ ಬಂದ ಅರ್ಜಿಗಳನ್ನು 'ಕ್ಲಿಯರಿಂಗ್' ಎಂಬ ಬೇರೊಂದು ವ್ಯವಸ್ಥೆಗೆ ಸೇರಿಸಿ, ವಿಶ್ವವಿದ್ಯಾಲಯಗಳಲ್ಲಿ ಖಾಲಿ ಉಳಿದ ಸ್ಥಾನಗಳಿಗೆ ಅವರನ್ನು ಹೊಂದಿಸುತ್ತಾರೆ. ತಡವಾದವನೂ ವಿದ್ಯಾರ್ಥಿಯೇ ಎಂಬ ಭಾವನೆ ಅದರ ಹಿಂದಿದೆ.

೫. ಆಸಕ್ತಿಯನ್ನು ತೋರುವ ಬಗೆ

ಅಮೆರಿಕದ ಕೆಲವು ಕಾಲೇಜುಗಳು, ಅಭ್ಯರ್ಥಿಯು ತಮ್ಮಲ್ಲಿಗೆ ಬಂದು ನೋಡಿದನೇ, ಪತ್ರ ಬರೆದು ವಿಚಾರಿಸಿದನೇ ಎಂಬುದನ್ನೂ ಆಯ್ಕೆಯ ವೇಳೆ ಗಣನೆಗೆ ತೆಗೆದುಕೊಳ್ಳುತ್ತವೆ. ಇನ್ನು ಕೆಲವು ಅದನ್ನು ನೋಡುವುದೇ ಇಲ್ಲ. ನಮ್ಮಲ್ಲಿಯ ಸರಕಾರಿ ಪ್ರವೇಶಗಳು ಅಂಕ, ಮೀಸಲಾತಿ ಮತ್ತು ಆಯ್ಕೆಯ ಕ್ರಮದ ಮೇಲೆ ನಡೆಯುತ್ತವೆ. ನಿಮ್ಮ ಹಂಬಲ ಎಷ್ಟೆಂಬುದು ಗಣಕಯಂತ್ರಕ್ಕೆ ತಿಳಿಯದು. ನೀವು ಯಾವ ಕಾಲೇಜನ್ನು ಮೊದಲು ಬರೆದಿರಿ, ಯಾವುದನ್ನು ಅನಂತರ ಬರೆದಿರಿ ಎಂಬುದೊಂದೇ ಅದಕ್ಕೆ ತಿಳಿಯುವುದು. ಆದಕಾರಣ ಆಯ್ಕೆಗಳನ್ನು ಕ್ರಮವಾಗಿ ಬರೆಯುವುದೇ ನಮ್ಮಲ್ಲಿ ಆಸಕ್ತಿಯನ್ನು ತೋರುವ ಮೊದಲ ಬಗೆ. ಅಂಗಡಿಯಲ್ಲಿ ಕುಳಿತು, ಪರಿಚಯವಿಲ್ಲದವನ ಕೈಯಿಂದ, ಆತನಿಗೆ ತೋಚಿದ ಕಾಲೇಜುಗಳನ್ನು ತುಂಬಿಸಿಕೊಂಡು ಬರುವ ಪದ್ಧತಿ ಒಳ್ಳೆಯದಲ್ಲ. ಮೊದಲು ಮನೆಯಲ್ಲಿ ಕಾಗದದ ಮೇಲೆ ಬರೆದುಕೊಳ್ಳಿರಿ. ಸ್ಥಾನ ಹಂಚಿಕೆಯಾದ ಮೇಲೆ ಗಡುವಿನೊಳಗೆ ಒಪ್ಪಿಗೆಯನ್ನು ದಾಖಲಿಸದಿದ್ದರೆ ಆ ಸ್ಥಾನ ಕೈಬಿಟ್ಟುಹೋಗುತ್ತದೆ ಎಂಬುದನ್ನೂ ಮರೆಯಬೇಡಿರಿ.

ಎರಡನೆಯ ಬಗೆ, ಕಾಲೇಜಿಗೆ ಸ್ವತಃ ಹೋಗಿ ನೋಡುವುದು. ಹೋದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ನಾನು ಬಯಸುವ ವಿಭಾಗದಲ್ಲಿ ಸ್ಥಾನ ಉಳಿದಿದೆಯೇ? ದ್ವಿತೀಯ ಭಾಷೆಯಾಗಿ ಯಾವುವು ಇವೆ, ಕನ್ನಡಕ್ಕೆ ಅವಕಾಶವಿದೆಯೇ? ವಸತಿನಿಲಯ ಅಥವಾ ಬಸ್ ಪಾಸಿನ ಅನುಕೂಲವೇನು? ಈ ಸುತ್ತಿನಲ್ಲಿ ಸೇರಿದರೆ ಶುಲ್ಕ ಮರುಪಾವತಿ ದೊರೆಯುವುದೇ? ಕೇಳಲು ನಾಚಬೇಡಿರಿ. ೨೦೧೮ರ ಕಾನೂನಿನ ಬಳಿಕ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಗಿರುವುದರಿಂದ ನಿಮ್ಮಲ್ಲಿ ತೆಲುಗಿನ ಬಲವೂ ಕೊಂಚ ಇದೆ. ತಪ್ಪಿದರೆ ತಪ್ಪಲಿ, ಮಾತನಾಡಿರಿ.

ಕಾಲ್ನಡಿಗೆಯಲ್ಲಿ ಹೋಗಿ ವಿದ್ಯೆಯ ಬಾಗಿಲನ್ನು ತಟ್ಟಿದವರೊಬ್ಬರನ್ನು ಇಲ್ಲಿ ನೆನೆಯುವುದು ಉಚಿತ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯನವರು ೧೯೩೫ರಲ್ಲಿ, ಊರಿನಲ್ಲಿ ಮುಂದಿನ ತರಗತಿಗಳಿಲ್ಲದ ಕಾರಣ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲನ್ನು ಸೇರಲು ಎರಡು ದಿನ ನಡೆದುಹೋದರು. ಅವರಿಗೆ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಆ ವೇಳೆಗೆ ಅಲ್ಲಿದ್ದರು. ಮುಂದೆ ಅವರು ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಬಸ್ಸಿನ ಹಣವಿಲ್ಲವೆಂದು ಅವರು ಊರಿನಲ್ಲಿಯೇ ಕುಳಿತಿದ್ದರೆ ಏನಾಗುತ್ತಿತ್ತು? ನಮ್ಮ ಮಕ್ಕಳು ಇಂದು ಎರಡು ದಿನ ನಡೆಯಬೇಕಾಗಿಲ್ಲ. ಎರಡು ನಿಲ್ದಾಣ ದಾಟಿ ಹೋಗಿ ಕೇಳಿದರೆ ಸಾಕು.

ಮೂರನೆಯ ಬಗೆ ಪತ್ರ. ಪತ್ರ ಬರೆದ ಮಾತ್ರಕ್ಕೆ ಸ್ಥಾನ ದೊರೆಯದು. ಆದರೆ ಸ್ಪಷ್ಟವಾಗಿ ಬರೆದ ವಿನಂತಿಗೆ ಬಹುತೇಕ ಪ್ರಾಚಾರ್ಯರು ಉತ್ತರ ಕೊಡುವರು. ಒಂದು ಮಾದರಿಯನ್ನು ಕೆಳಗೆ ಕೊಟ್ಟಿದ್ದೇವೆ. ತಾಂಡೂರಿನ ಕಡೆಗೆ ಬರೆಯುವಾಗ ಇದನ್ನೇ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಅಧ್ಯಾಪಕರ ಸಹಾಯದಿಂದ ಬರೆಯಿರಿ.

"ಮಾನ್ಯ ಪ್ರಾಚಾರ್ಯರ ಸನ್ನಿಧಿಗೆ,

ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಇದೇ ವರ್ಷ ತೇರ್ಗಡೆಯಾಗಿದ್ದೇನೆ. ಮನೆಯ ಅಡಚಣೆಯಿಂದಾಗಿ ಅರ್ಜಿ ಸಲ್ಲಿಸಲು ತಡವಾಗಿದೆ. ತಮ್ಮ ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಓದಬೇಕೆಂಬ ಅಪೇಕ್ಷೆಯಿದೆ. ಗಣಿತ ಮತ್ತು ವಿಜ್ಞಾನದಲ್ಲಿ ನಾನು ಪಡೆದ ಅಂಕಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಸ್ಥಾನ ಉಳಿದಿದ್ದರೆ ಯಾವ ದಿನ, ಯಾವ ಕಾಗದಪತ್ರಗಳೊಂದಿಗೆ ಬರಬೇಕೆಂಬುದನ್ನು ತಿಳಿಸಬೇಕಾಗಿ ಪ್ರಾರ್ಥಿಸುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿ"

ಈ ಪತ್ರದಲ್ಲಿ ನಾಲ್ಕು ಗುಣಗಳನ್ನು ಗಮನಿಸಿರಿ. ತಡವಾದುದನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡಿದೆ. ಕರುಣಾಜನಕ ಕಥೆಯನ್ನು ಹೇಳಿಲ್ಲ. ಏನು ಬೇಕೆಂಬುದು ಸ್ಪಷ್ಟವಾಗಿದೆ. ಉತ್ತರಿಸುವುದಕ್ಕೆ ಸುಲಭವಾದ ಪ್ರಶ್ನೆಯನ್ನು ಕೇಳಿದೆ.

೬. ಪಾಲಕರಲ್ಲಿ ವಿನಂತಿ

ಕಾಗದಪತ್ರಗಳನ್ನು ಚಳಿಗಾಲದಲ್ಲಿಯೇ ಸಿದ್ಧಪಡಿಸಿರಿ. ತೊಗರಿ ಮಾರಾಟವಾಗಿ ಕೈ ಬಿಡುವಾದ ಮಾಘ ಮಾಸದಲ್ಲಿ ಮೀಸೇವಾ ಕೇಂದ್ರಕ್ಕೆ ಹೋಗಿ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ಅರ್ಜಿ ಕೊಡಬಹುದು. ಆಧಾರ್ ಚೀಟಿಯಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಹೆಸರು ಒಂದೇ ರೀತಿ ಇದೆಯೇ ನೋಡಿರಿ. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಮೊದಲು ಬಂದರೆ ಇನ್ನೊಂದು ಕಡೆ ಕೊನೆಗೆ ಬರುತ್ತದೆ. ಮೂರು ಭಾಷೆಗಳಲ್ಲಿ ಮೂರು ಬಗೆಯ ಕಾಗುಣಿತವಾಗುತ್ತದೆ. ಇದನ್ನು ತಿದ್ದಿಸುವುದಕ್ಕೆ ವಾರಗಳು ಬೇಕು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ. ಅದಿಲ್ಲದೆ ನೋಂದಣಿಯೇ ಮುಂದೆ ಸಾಗದು.

ಎಲ್ಲಕ್ಕಿಂತ ಮುಖ್ಯವಾಗಿ, ಮಗುವನ್ನು ಒಮ್ಮೆ ಕೇಳಿರಿ. "ಏನು ಕಲೀಬೇಕಂತೀಯವ್ವಾ?" ಎಂಬ ಒಂದು ಪ್ರಶ್ನೆಗೆ ಖರ್ಚೇನೂ ಇಲ್ಲ. ಇನ್ನು ಮುಂದೆ ಪ್ರತಿ ಜನವರಿಯಲ್ಲಿ ಹತ್ತನೆಯ ತರಗತಿಯ ಪ್ರತಿಯೊಂದು ಮಗುವಿನೊಡನೆಯೂ ಕುಳಿತು ಈ ಪ್ರಶ್ನೆಯನ್ನು ನಾವೂ ಕೇಳುವೆವು, ಉತ್ತರವನ್ನು ಬರೆದಿಡುವೆವು.

ಈ ಲೇಖನದ ಆರಂಭದಲ್ಲಿ ಹೇಳಿದ ಹುಡುಗಿಯು ಉಳಿದಿದ್ದ ಕಲಾ ವಿಭಾಗವನ್ನೇ ಸೇರಿದಳು. ಇಂಟರ್‌ಮೀಡಿಯೆಟ್ಟಿನಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ದೋಸ್ತ್ ವ್ಯವಸ್ಥೆಯ ಮೊದಲ ಸುತ್ತಿನಲ್ಲಿ ಮೊದಲ ದಿನವೇ ನೋಂದಣಿ ಮಾಡಿಸಿಕೊಂಡು, ಈಗ ಬಿ.ಎ. ಓದುತ್ತಿದ್ದಾಳೆ. ಕಳೆದ ಸಂಕ್ರಾಂತಿಯ ರಜೆಯಲ್ಲಿ ಬಂದಾಗ ಆಕೆ ಹತ್ತನೆಯ ತರಗತಿಯ ಮಕ್ಕಳ ಮುಂದೆ ನಿಂತು, "ನಾ ಎರಡು ತಿಂಗಳ ಬಾಯಿ ಮುಚ್ಚಿಕೊಂಡು ಕೂತೆ. ನೀವು ಕೂಡಬ್ಯಾಡ್ರಿ" ಎಂದಷ್ಟೇ ಹೇಳಿ ಕುಳಿತಳು. ವಿಜ್ಞಾನ ತಪ್ಪಿದ ನೋವು ಆಕೆಗಿನ್ನೂ ಇದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಮಾತು ಆಕೆಗೆ ಸಮಾಧಾನವಾಗಬಹುದು. ಇನ್ನೂ ಕಾಲವಿರುವ ನಿಮಗೆ ಅದು ನೆವವಾಗಬಾರದು.

ಅಭ್ಯಾಸ

೧. ಫಲಿತಾಂಶಕ್ಕೆ ಮೊದಲೇ ಅರ್ಜಿ ಸಲ್ಲಿಸಬೇಕಾದ ಪ್ರವೇಶ ಪರೀಕ್ಷೆಗಳಾವುವು? ಪಟ್ಟಿ ಮಾಡಿರಿ.
೨. ಹತ್ತನೆಯ ತರಗತಿಯ ಬಳಿಕ ಪಿ.ಯು.ಸಿ.ಗಾಗಿ ಗಡಿಯಾಚೆಗೆ ಹೋದ ವಿದ್ಯಾರ್ಥಿಯು ಎರಡೂ ರಾಜ್ಯಗಳಲ್ಲಿ ಹೇಗೆ ಹೊರಗಿನವನಾಗುವನು? ವರ್ಷಗಳನ್ನು ಎಣಿಸಿ ವಿವರಿಸಿರಿ.
೩. ಮಾದರಿ ಪತ್ರವನ್ನು ನೋಡಿ, ನಿಮ್ಮ ಅಂಕಗಳನ್ನೂ ಬಯಕೆಯನ್ನೂ ತಿಳಿಸಿ ಒಂದು ಪತ್ರ ಬರೆಯಿರಿ. ಅದನ್ನು ಮನೆಯಲ್ಲಿ ತಂದೆತಾಯಿಯರಿಗೆ ಓದಿ ಹೇಳಿರಿ.